ಭೂಕಂಪವನ್ನು ಟ್ರ್ಯಾಕ್ಟರ್ ಎಂದ ಯಂತ್ರಕ್ಕೆ, ಶಾಲು ಹೊದಿಸುವ ಮುನ್ನ

ಇವರಿಗೆ,
ಶ್ರೀಮಾನ್ ಭೂಕಂಪಮಾಪಕ ಯಂತ್ರ ಮಹಾಶಯರು,
ಭೂವಿಜ್ಞಾನ ಪ್ರಯೋಗಾಲಯದ ಮೂಲೆಯ ಸಿಮೆಂಟ್ ಕಟ್ಟೆ,
ಉಗಾರ ಖುರ್ದ.

ಮಾನ್ಯರೇ,

ತಮ್ಮನ್ನು ದಿನವೂ ಒರೆಸಿ ಧೂಳು ತೆಗೆಯುವ ಭೂವಿಜ್ಞಾನದ ಮೇಷ್ಟ್ರು ದಾನಿಶ ನದಾಫನ ಸಲಾಮುಗಳು. ತಾವು ಕಟ್ಟೆಯ ಮೇಲೆ ಸುಖವಾಗಿದ್ದೀರಿ, ಇರುವೆ ಹಲ್ಲಿಗಳ ಕಾಟವಿಲ್ಲ ಎಂದು ಭಾವಿಸಿದ್ದೇನೆ. ಭೂಕಂಪ ಹಿಡಿದ ಮಹಾಸಾಧನೆಗಾಗಿ ಬರುವ ಶನಿವಾರ ನಮ್ಮ ಕಾಲೇಜಿನಲ್ಲಿ ತಮಗೆ ಶಾಲು ಹೊದಿಸಿ ಹಾರ ಹಾಕುವವರಿದ್ದಾರೆ, ತಮ್ಮನ್ನು ಸಭೆಗೆ ಪರಿಚಯಿಸುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ಆದರೆ ಆಮಂತ್ರಣ ಪತ್ರಿಕೆಯಲ್ಲಿ ಎಲ್ಲಿ ಹುಡುಕಿದರೂ ನನ್ನ ವಿದ್ಯಾರ್ಥಿನಿ ಕೋಮಲಳ ಹೆಸರಿಲ್ಲ. ಅದಕ್ಕಾಗಿಯೇ ಈ ಪತ್ರ.

ಸಂಶೋಧನಾ ಸಂಸ್ಥೆಯೊಂದು ತಮ್ಮನ್ನು ನಮಗೆ ಎರವಲು ಕೊಟ್ಟಾಗ ಹಾಕಿದ್ದ ಷರತ್ತು ಒಂದೇ: ವರ್ಷದೊಳಗೆ ಒಂದಾದರೂ ಭೂಕಂಪ ದಾಖಲಾಗದಿದ್ದರೆ ತಾವು ಬಂದ ದಾರಿ ಹಿಡಿಯತಕ್ಕದ್ದು. ಆ ಷರತ್ತಿಗೆ ತಾವೆಷ್ಟು ನಿಷ್ಠರಾಗಿದ್ದಿರೆಂದರೆ, ಕಬ್ಬಿನ ಹಂಗಾಮು ಶುರುವಾಗಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಗೇಟಿನೆದುರಿನ ರೋಡ್ ಹಂಪು ಹತ್ತಿ ಇಳಿದಾಗಲೆಲ್ಲ 'ಭೂಕಂಪ' ಎಂದು ಕಾಲೇಜಿನ ಎಲ್ಲರ ಮೊಬೈಲಿಗೂ ಸಂದೇಶ ಕಳಿಸಿದಿರಿ. ಮೊದಲ ದಿನ ನಮ್ಮ ಪ್ರಾಚಾರ್ಯ ರಾವಸಾಹೇಬರು ಊಟದ ಡಬ್ಬಿ ಸಮೇತ ಮೈದಾನಕ್ಕೆ ಓಡಿದರು, ಜೀವ ಉಳಿದ ಸಂತೋಷಕ್ಕೆ ಅಲ್ಲಿಯೇ ಕುಳಿತು ಊಟ ಮುಗಿಸಿದರು.

ಸುದ್ದಿ ಚಾಲಕರ ಕಿವಿಗೆ ಬಿದ್ದ ಮೇಲೆ ತಮ್ಮ ಕೀರ್ತಿ ಅಥಣಿಯವರೆಗೂ ಹಬ್ಬಿತು. ವಿಕ್ರಾಂತನೆಂಬ ಚಾಲಕ ಹಂಪು ದಾಟಿದವನೇ ಟ್ರ್ಯಾಕ್ಟರ್ ನಿಲ್ಲಿಸಿ, ಪ್ರಯೋಗಾಲಯದ ಕಿಟಕಿಯಲ್ಲಿ ಮುಖವಿಟ್ಟು "ಸರ್, ನಂದು ಎಷ್ಟ ಬಂತ್ರಿ?" ಎಂದು ಕೇಳತೊಡಗಿದ. ಹೇಳಿದರೆ ಅವನಿಗೆ ಸಮಾಧಾನವಿಲ್ಲ. "ನಿನ್ನಿ ಆ ಸುರಜಂದು ನನಕಿಂತ ಜಾಸ್ತಿ ಬಂದೈತಂತ, ಮತ್ತೊಮ್ಮಿ ಹಾರಸ್ತೀನಿ, ಸರಿಯಾಗಿ ನೋಡ್ರಿ" ಎಂದು ಟ್ರ್ಯಾಕ್ಟರ್ ತಿರುಗಿಸಲು ಹೋಗುತ್ತಿದ್ದ. ಪಾಠ ಮಾಡುವುದು ಬಿಟ್ಟು ನಾನು ಟ್ರ್ಯಾಕ್ಟರುಗಳಿಗೆ ಅಂಕ ಕೊಡುವವನಾದೆ.

ಈ ಪೀಡೆ ಕಳೆಯಲೆಂದು ಅಂತಿಮ ವರ್ಷದ ಕೋಮಲ ಗೇಟಿನ ಬಳಿಯ ಬೇವಿನ ಮರದಡಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಧೂಳು ಕುಡಿಯುತ್ತ, ಹೋಗಿ ಬರುವ ಟ್ರ್ಯಾಕ್ಟರುಗಳ ನಡುಕವನ್ನೆಲ್ಲ ಗುರುತು ಹಾಕಿದಳು. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು, ಟ್ರ್ಯಾಕ್ಟರ್ ಯಾವುದು, ಅದನ್ನು ಅಳಿಸುವುದು ಹೇಗೆ ಎಂದು ತಮಗೆ ಕಲಿಸಿದಳು. ಭೂಕಂಪದ ಮಾದರಿ ನಮ್ಮ ಬಳಿ ಒಂದೂ ಇರಲಿಲ್ಲವಾದ್ದರಿಂದ ಟ್ರ್ಯಾಕ್ಟರುಗಳನ್ನೇ ತಮಗೆ ಹೊಟ್ಟೆ ತುಂಬ ಉಣಿಸಿದೆವು. ತಾವಂತೂ ಅಪ್ಪಟ ಉಗಾರದವರೇ ಆಗಿಬಿಟ್ಟಿರಿ, ಕಬ್ಬಿನ ಹೊರತು ಲೋಕದಲ್ಲಿ ಬೇರೇನೂ ಇಲ್ಲವೆಂದು ತಿಳಿದಿರಿ.

ಹೀಗಿರುವಾಗ ಒಂದು ಮಂಗಳವಾರ ಮಧ್ಯಾಹ್ನ ಭೂಮಿ ನಿಜವಾಗಿಯೂ ನಡುಗಿತು. ಮೇಜಿನ ಮೇಲಿನ ಕಪ್ಪಿನಿಂದ ಚಹಾ ಬಸಿಗೆ ಚೆಲ್ಲಿತು. ರಾವಸಾಹೇಬರು ಕುರ್ಚಿ ಬಿಟ್ಟೇಳಲಿಲ್ಲ. "ವಿಕ್ರಾಂತ ಬಂದಾ. ಇವತ್ತ ಲೋಡ್ ಭಾಳ ಐತಿ" ಎಂದು ಬಸಿಯಲ್ಲಿದ್ದುದನ್ನು ಕುಡಿದು ಸಭೆ ಮುಂದುವರಿಸಿದರು. ಅಷ್ಟರಲ್ಲಿ ಪಕ್ಕದೂರು ಉಗಾರ ಬುದ್ರುಕದಿಂದ ಕೋಮಲಳಿಗೆ ಅವಳ ಅಜ್ಜಿ ದುಂಡವ್ವನ ಫೋನು: "ಲಗೂನ ಹೊರಗ ಬಾ ಬೇ, ಇಲ್ಲಿ ಗ್ವಾಡಿ ಮಾಡದಾಗಿನ ತಂಬಿಗಿ ಎಲ್ಲಾ ಉಳ್ಳಿ ಬೀಳಾಕತ್ತಾವು!" ಒಂದೇ ಟ್ರ್ಯಾಕ್ಟರ್ ಎರಡೂ ಉಗಾರಗಳಲ್ಲಿ ಒಮ್ಮೆಗೇ ಹಾಯಲಾರದೆಂಬುದು ಆ ಹುಡುಗಿಗೆ ತಕ್ಷಣ ಹೊಳೆಯಿತು. ಹೊರಗೋಡುವ ಬದಲು ಅವಳು ತಮ್ಮ ಬಳಿ ಓಡಿ ಬಂದಳು. ತಮ್ಮ ಪರದೆಯ ಮೇಲೆ ಬರೆದಿತ್ತು: 'ಕಬ್ಬಿನ ಟ್ರ್ಯಾಕ್ಟರ್, ಟ್ರೇಲರ್ ಎರಡು, ಅಳಿಸಲಾಗುತ್ತಿದೆ.'

ಅವಳು ಕಂಪ್ಯೂಟರಿನ ವೈರು ಕಿತ್ತೆಸೆದಳು. ದಾಖಲೆ ಉಳಿಯಿತು. ಆಮೇಲೆ ಗೆರೆಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಮೊದಲ ಅಲೆಗೂ ಎರಡನೆಯ ಅಲೆಗೂ ನಡುವಿನ ಅಂತರವನ್ನು ಸ್ಕೇಲು ಹಿಡಿದು ಅಳೆದು, ಕಂಪ ಭೂಕಂಪಕ್ಕೆ ಹೆಸರಾದ ಕೊಯ್ನಾದಷ್ಟು ದೂರದಿಂದ ಬಂದಿದೆಯೆಂದು ಲೆಕ್ಕ ಹಾಕಿ ತೋರಿಸಿದಳು. ಲೆಕ್ಕ ಸರಿಯಾಗಿತ್ತು. ದಾಖಲೆಯನ್ನಷ್ಟೇ ನೋಡಿದ ಸಂಸ್ಥೆಯಿಂದ ಬಂದ ಅಭಿನಂದನೆಯಲ್ಲಿ ಮಾತ್ರ, ಮನುಷ್ಯರ ಕೈ ಸೋಕದೆ ಯಂತ್ರವೇ ತಾನಾಗಿ ಭೂಕಂಪವನ್ನು ಗುರುತಿಸಿದೆ, ಆದ್ದರಿಂದ ಅದು ಅಲ್ಲಿಯೇ ಇರಲಿ ಎಂದಿದೆ. ಎಮ್ಮೆಸ್ಸಿ ಪ್ರವೇಶದ ಸಂದರ್ಶನದಲ್ಲಿ ನೀನು ಮಾಡಿದ್ದೇನು ಎಂದು ಕೇಳಿದರೆ ಈ ಹುಡುಗಿ ಏನು ತೋರಿಸಬೇಕು? ಅವಳಾದರೋ "ಇರ್ಲಿ ಬಿಡ್ರಿ ಸರ್, ಮಷಿನ್ ಅಂತೂ ಉಳೀತಲ್ಲ" ಎಂದು ನಕ್ಕಳು. ನನಗೆ ಮಾತ್ರ ಹೊಟ್ಟೆ ಉರಿಯಿತು, ಇನ್ನೂ ಉರಿಯುತ್ತಿದೆ.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಬಿನ್ನಹ: ಶನಿವಾರ ತಾವು ದಯಮಾಡಿ ಕಟ್ಟೆಯಿಂದಿಳಿದು ಮೈಕು ಹಿಡಿದು, 'ನಾನು ಟ್ರ್ಯಾಕ್ಟರ್ ಎಂದಿದ್ದೆ, ಭೂಕಂಪ ಎಂದವಳು ಕೋಮಲ' ಎಂದು ಸಭೆಗೆ ತಿಳಿಸಬೇಕು. ಗಂಟಲು ಸರಿಯಿಲ್ಲದಿದ್ದರೆ, ರಾವಸಾಹೇಬರು ತಮ್ಮನ್ನು ಹೊಗಳುವಾಗ ನಾಚಿಕೆಯಿಂದ ಕೊಂಚ ನಡುಗಬೇಕು. ಅದೂ ಆಗದಿದ್ದರೆ ಹೊದಿಸಿದ ಶಾಲನ್ನಾದರೂ ಜಾರಿಸಿ ಕೆಡವಬೇಕು. ಇವು ಯಾವುವೂ ತಮ್ಮಿಂದಾಗದು ಎಂದು ಬಲ್ಲೆನಾದ್ದರಿಂದ, ಪರಿಚಯ ಭಾಷಣದ ಬದಲು ಈ ಪತ್ರವನ್ನೇ ಓದಲು ನಿಶ್ಚಯಿಸಿದ್ದೇನೆ. ಆಮೇಲೆ ನನ್ನ ನೌಕರಿಗೆ ಏನಾಗುವುದೋ ಆಗಲಿ.

ಇಂತು, ತಮ್ಮ ಧೂಳು ಒರೆಸುವುದರಲ್ಲೇ ಧನ್ಯನಾದ,
ತಮ್ಮ ವಿಶ್ವಾಸಿ,
ದಾನಿಶ ನದಾಫ

ವಿ.ಸೂ.: ದುಂಡವ್ವನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದೇನೆ. ಸತ್ಕಾರದ ಸುದ್ದಿ ಹೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು ಕೇಳಿದ್ದು ಇಷ್ಟು: "ಅಲ್ರೀ ಸರ, ಓಡಿ ಬಂದು ಉಳಿಸಿದಾಕಿ ನನ್ನ ಮೊಮ್ಮಗಳು, ಶಾಲು ಆ ಡಬ್ಬಿಗ್ಯಾಕ್ರಿ? ಅದಕ್ಕೇನ ಥಂಡಿ ಹತ್ತೈತೇನು?"