ಚಹಾ ಆರುವಷ್ಟು ಹೊತ್ತಿನ ಮೌನ

ನೀಲಗಂಗಮ್ಮ ತೀರಿಕೊಂಡ ಸುದ್ದಿ ಚಿತ್ತವಾಡ್ಗಿಗೆ ತಡವಾಗಿ ತಿಳಿಯಿತು. ಅದಕ್ಕೆ ಕಾರಣ ಆಕೆಯೇ. ದಿನವೂ ನಸುಕಿನಲ್ಲಿ ಕಾಲುವೆಯ ಮೆಟ್ಟಿಲ ಮೇಲೆ ಕಲ್ಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂಡುವುದು ಆಕೆಯ ರೂಢಿ. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಉತ್ತರ ಕೊಡುತ್ತಿರಲಿಲ್ಲ. ಅಂದೂ ಕೊಡಲಿಲ್ಲ.

ಹಾಲಿನವನು ಆಕೆಯ ತಮ್ಮ ವಿರುಪಾಕ್ಷಪ್ಪನ ಹಿಟ್ಟಿನ ಗಿರಣಿಯ ಮುಂದೆ ಸೈಕಲ್ ನಿಲ್ಲಿಸಿ, "ಅಣ್ಣಾರ, ನಿಮ್ಮಕ್ಕಾರು ಇನ್ನಾ ಕಾಲುವಿ ಮ್ಯಾಲೇ ಕುಂತಾರ. ಮಾತಾಡಿಸಿದ್ರ ಮಾತಾಡವಲ್ರು" ಎಂದ.

"ಆ ಹೊತ್ನ್ಯಾಗ ಅಕಿ ಮಾತಾಡಂಗಿಲ್ಲ. ಮಾತಾಡಿಸಿದ್ದು ನಿನ್ನ ತಪ್ಪು" ಎಂದು ವಿರುಪಾಕ್ಷಪ್ಪ ಜೋಳ ಬೀಸುವುದನ್ನು ಮುಂದುವರಿಸಿದ.

ಬಿಸಿಲು ಮುಖದ ಮೇಲೆ ಬಿದ್ದರೂ ಆಕೆ ಕದಲಿಲ್ಲವೆಂದು ಇನ್ನೊಬ್ಬರು ಬಂದು ಹೇಳಿದಾಗ ಅವನು ಗಿರಣಿ ನಿಲ್ಲಿಸಿದ. ಹಿಟ್ಟು ಮೆತ್ತಿದ ಮೈಯಲ್ಲೇ ಓಡಿದ. ಮೆಟ್ಟಿಲ ಮೇಲೆ ಬಿದ್ದು ಅಳುತ್ತಿದ್ದ ಅವನನ್ನು ಕಂಡ ದಾರಿಹೋಕರು, ಯಾರೋ ಸಾಧು ಮೈತುಂಬ ವಿಭೂತಿ ಬಳಿದುಕೊಂಡು ಬಂದಿದ್ದಾನೆಂದು ಕೈಮುಗಿದು ಹೋದರು.

ವಿರುಪಾಕ್ಷಪ್ಪನ ಜನರಲ್ಲಿ ತೀರಿಕೊಂಡವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಮಲಗಿ ಸತ್ತವರನ್ನು ಕೂರಿಸಲು ನಾಲ್ಕಾರು ಜನ ಒದ್ದಾಡಬೇಕು. ನೀಲಗಂಗಮ್ಮ ಆ ಕೆಲಸವನ್ನೂ ತಾನೇ ಮುಗಿಸಿಟ್ಟಿದ್ದಳು. ಬದುಕಿದ್ದಾಗಲೂ ಮಂದಿಗೆ ತೊಂದರೆ ಕೊಟ್ಟು ಆಕೆಗೆ ಗೊತ್ತಿರಲಿಲ್ಲ.

ಆಕೆ ಹೊಲಿಗೆಯವಳು. ಊರಮ್ಮನ ಸೀರೆಗೆ ಫಾಲ್ ಹಚ್ಚಿದವಳು ಆಕೆ, ದರ್ಗಾದ ಚಾದರಕ್ಕೆ ಅಂಚು ಕಟ್ಟಿದವಳು ಆಕೆ, ಮಠದ ಪಲ್ಲಕ್ಕಿಗೆ ಪರದೆ ಹೊಲಿದವಳೂ ಆಕೆಯೇ. ಆದರೆ ಯಾವ ದೇವರ ಮುಂದೆಯೂ ಸಾಲಿನಲ್ಲಿ ನಿಂತವಳಲ್ಲ. ವಿರುಪಾಕ್ಷಪ್ಪನಿಗೋ ಹಂಪಿಯ ಶಿವನಿಗೆ ಕೈಮುಗಿಯದೆ ನೀರು ಇಳಿಯುತ್ತಿರಲಿಲ್ಲ. ಅಕ್ಕನ ಈ ರೀತಿ ಅವನಿಗೆ ಕಾಲಿಗೆ ಚುಚ್ಚಿದ ಮುಳ್ಳಿನ ಹಾಗಿತ್ತು.

ಕಾಲೇಜಿಗೆ ಹೋಗುವ ಮಗಳು ಸೌಜನ್ಯ ಒಮ್ಮೆ ಅದಕ್ಕೊಂದು ಹೆಸರು ಕೊಟ್ಟಿದ್ದಳು. "ಅಪ್ಪಾ, ಅತ್ತಿ ಸ್ಪಿರಿಚುವಲ್, ರಿಲಿಜಿಯಸ್ ಅಲ್ಲ."

"ಹಂಗಂದ್ರ ಏನವ್ವ?"

"ಅಂದ್ರ ದೇವರು ಬೇಕು, ಗುಡಿ ಬ್ಯಾಡ."

"ಊಟ ಬೇಕು, ಅಡಗಿಮನಿ ಬ್ಯಾಡ ಅಂದಂಗಾತಲ್ಲ!"

ನೀಲಗಂಗಮ್ಮ ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕಿದ್ದಳು. "ಗುಡಿ ಬ್ಯಾಡ ಅಂದಿಲ್ಲಪ. ಒಳಗ ಕುಂತಾತನ ಹುಡುಕಾಕ ಹೊರಗ ಯಾಕ ಸಾಲು ನಿಂದ್ರಲಿ ಅಂದೆ, ಅಷ್ಟ. ನೋಡು ತಮ್ಮಾ, ನಾ ಸತ್ತ್ರ ಯಾವ ಶಾಸ್ತ್ರನೂ ಮಾಡಬ್ಯಾಡ. ಒಂದು ಬಿಸಿ ಚಹಾ ಆರೋ ಅಷ್ಟು ಹೊತ್ತು ಎಲ್ಲಾರೂ ಸುಮ್ನ ಕುಂದ್ರಿ. ಸಾಕು. ಮಾತು ಕೊಡು."

ವಿರುಪಾಕ್ಷಪ್ಪ ಕೊಟ್ಟುಬಿಟ್ಟಿದ್ದ. ಚಿತ್ತವಾಡ್ಗಿಯ ಮಂದಿಯನ್ನು ಸುಮ್ಮನೆ ಕೂರಿಸುವುದೆಂದರೆ ಏನೆಂದು ಆಗ ಯೋಚಿಸಿರಲಿಲ್ಲ.

ಆಕೆಯನ್ನು ಮನೆಗೆ ತಂದು ಕಟ್ಟೆಯ ಮೇಲೆ ಕೂರಿಸಿದ್ದೇ ತಡ, ಎದುರುಮನೆಯ ಭರಮಮ್ಮ ತಲೆಗೂದಲು ಬಿಚ್ಚಿಕೊಂಡು ಬಂದಳು. ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸುವವರು ಮರಿಯಮ್ಮನಹಳ್ಳಿಯವರೆಗೂ ಇರಲಿಲ್ಲ. ಆಕೆ ದನಿ ತೆಗೆದರೆ ಲಾರಿ ಡ್ರೈವರುಗಳು ತಮ್ಮ ಹಾರ್ನ್ ಕೆಟ್ಟಿತೇನೋ ಎಂದು ಇಳಿದು ನೋಡುತ್ತಿದ್ದರು.

"ಭರಮವ್ವ, ನಿನ್ನ ಕೈ ಮುಗಿತೀನಿ. ಒಂದೀಟು ಹೊತ್ತು ಅಳಬ್ಯಾಡ. ಅಕ್ಕ ಹಂಗ ಹೇಳಿ ಹೋಗ್ಯಾಳ."

ಭರಮಮ್ಮ ಅಳುವನ್ನು ಅರ್ಧಕ್ಕೇ ನಿಲ್ಲಿಸಿದಳು. "ಏನಂದಿ? ನಾ ಅಳಬಾರ್ದಾ? ನನ ಸೊಸಿ ಹೆರಿಗಿ ಕಷ್ಟ ಆದಾಗ ದವಾಖಾನಿ ಬಾಗಿಲದಾಗ ನನ ಕೈ ಹಿಡಕಂಡು ಕುಂತಾಕಿ ಅಕಿ. ಒಂದ್ ಮಾತು ಆಡಲಿಲ್ಲ. ಹೆದರಬ್ಯಾಡ ಅಂತನೂ ಅನಲಿಲ್ಲ. ಕೈ ಮಾತ್ರ ಬಿಡಲಿಲ್ಲ. ಅಂಥಾಕಿಗೆ ನಾ ಅಳದ ಇನ್ಯಾರಿಗೆ ಅಳ್ಲೋ ಮೂಳಾ?" ಎಂದು ಮೊದಲಿಗಿಂತ ಒಂದು ಸ್ಥಾಯಿ ಮೇಲಕ್ಕೆ ದನಿ ಎತ್ತಿದಳು.

ಅಷ್ಟರಲ್ಲಿ ಭಜನೆಯ ಹೊನ್ನೂರುಸ್ವಾಮಿ ಮೈಕು, ತಾಳ, ಹಾರ್ಮೋನಿಯಂ ಸಮೇತ ಆಟೋದಿಂದ ಇಳಿದ. ವಿರುಪಾಕ್ಷಪ್ಪ ಅವನಿಗೂ ಕೈಮುಗಿದ.

"ಮೌನ ಏನ್ರಿ, ಮಾಡೋಣಂತ" ಎಂದ ಹೊನ್ನೂರುಸ್ವಾಮಿ. ಆಮೇಲೆ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಕೂಗಿದ: "ಎಲ್ಲಾರೂ ಮೌನ ಆಚರಿಸಬೇಕು! ಮೌನ! ಹಲೋ, ಮೈಕ್ ಟೆಸ್ಟಿಂಗ್, ಮೌನ!"

ಬೀದಿ ತುದಿಯಲ್ಲಿ ಟೊಮ್ಯಾಟೊ ಗಾಡಿಯವನು ಅದಕ್ಕೆ ಪೈಪೋಟಿಯಾಗಿ ತನ್ನ ಧ್ವನಿವರ್ಧಕ ಏರಿಸಿದ. ಕಂಪ್ಲಿಯಿಂದ ಬಂದ ಬೀಗರು, ವಿರುಪಾಕ್ಷಪ್ಪ ಅಕ್ಕನ ಮುಂದೆ ಆರಲೆಂದು ಇಟ್ಟಿದ್ದ ಚಹಾ ತಮಗೇ ಬಂದದ್ದೆಂದು ತಿಳಿದು ಕುಡಿದು ಲೋಟ ಕೆಳಗಿಟ್ಟರು. ವಿರುಪಾಕ್ಷಪ್ಪ ಮತ್ತೊಂದು ಲೋಟ ಇಟ್ಟ. ಅದನ್ನೂ ಸಂಡೂರಿನವರೊಬ್ಬರು ಕುಡಿದು, "ಸಕ್ಕರಿ ಕಮ್ಮಿ ಆತು" ಎಂದರು.

ಕೊನೆಗೆ ಹಂಪಯ್ಯಸ್ವಾಮಿಗಳು ಬಂದರು. ಚಿತ್ತವಾಡ್ಗಿಯಲ್ಲಿ ಹುಟ್ಟಿದವರಿಗೂ ಸತ್ತವರಿಗೂ ಶಾಸ್ತ್ರ ಮಾಡುವವರು ಅವರೇ.

"ಅಜ್ಜಾರ, ಅಕ್ಕ ಶಾಸ್ತ್ರ ಬ್ಯಾಡ ಅಂದಾಳ."

"ಬ್ಯಾಡ ಅನ್ನಾಕ ಅಕಿ ಈಗ ಇಲ್ಲಲ್ಲೋ ತಮ್ಮ" ಎಂದು ಅವರು ವಿಭೂತಿಯ ಗಟ್ಟಿ ತೆಗೆದರು.

ರುದ್ರಭೂಮಿ ಸೇರುವಷ್ಟರಲ್ಲಿ ವಿರುಪಾಕ್ಷಪ್ಪ ಬೀಸಿದ ಜೋಳದಂತಾಗಿದ್ದ. ಒಂದು ಕಡೆ ಭಜನೆ, ಇನ್ನೊಂದು ಕಡೆ ಭರಮಮ್ಮ, ನಡುವೆ ಮಂತ್ರ. ಇಷ್ಟರ ಮಧ್ಯೆ ಅಕ್ಕ ಮಾತ್ರ ಕಣ್ಣು ಮುಚ್ಚಿ, ಎಲ್ಲರಿಗಿಂತ ಹಿರಿಯಳಂತೆ ಸುಮ್ಮನೆ ಕೂತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಮಣ್ಣು ಬೀಳುತ್ತದೆ. ಕೊಟ್ಟ ಮಾತು ಅದರ ಜೊತೆಗೇ ಮುಚ್ಚಿಹೋಗುತ್ತದೆ. ಆ ಗಾಬರಿಯಲ್ಲಿ, ಜನ್ಮದಲ್ಲಿ ಸುಳ್ಳು ಹೇಳದ ವಿರುಪಾಕ್ಷಪ್ಪ ಬಾಯಿ ತೆರೆದ.

"ನಿಂದ್ರಿ! ನಮ್ಮ ಮನತನದಾಗ ಒಂದು ಹಳೇ ಪದ್ಧತಿ ಐತಿ. ಮಣ್ಣು ಹಾಕೋಕಿಂತ ಮೊದಲ ಬಿಸಿ ಚಹಾ ಇಡಬೇಕು. ಅದು ಆರೋತನ ಯಾರೂ ಮಾತಾಡಬಾರ್ದು. ಮಾತಾಡಿದವರ ಮನಿಗೆ ದೋಷ ಬಡೀತೈತಿ!"

ಬೆಳಗಿನಿಂದ ಕೈಮುಗಿದು ಬೇಡಿಕೊಂಡರೂ ಆಗದ ಕೆಲಸ ಆ ಒಂದು ಮಾತಿಗೆ ಆಯಿತು. ಹೊನ್ನೂರುಸ್ವಾಮಿ ತಾಳವನ್ನು ಎಳೆಗೂಸಿನಂತೆ ಎದೆಗೆ ಅವಚಿಕೊಂಡ. ಭರಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಂಪಯ್ಯಸ್ವಾಮಿಗಳಿಗೆ ತಾವು ಕೇಳರಿಯದ ಪದ್ಧತಿ ಒಂದಿದೆ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. "ಹೌದೌದು, ನಮ್ಮಪ್ಪಾರು ಹೇಳ್ತಿದ್ರು. ಭಾಳ ಕಡಕ್ ಶಾಸ್ತ್ರ ಅದು" ಎಂದು ಮೊದಲು ಕೂತವರು ಅವರೇ.

ಸೌಜನ್ಯ ಮನೆಯಿಂದ ತಂದಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಚಹಾ ಬಗ್ಗಿಸಿ ಮಣ್ಣಿನ ಗುಡ್ಡೆಯ ಮೇಲಿಟ್ಟಳು. ಎಲ್ಲರ ಕಣ್ಣೂ ಹಬೆಯ ಮೇಲೆ.

ಮೊದಮೊದಲು ಅದು ಬರೀ ಹೆದರಿಕೆಯ ಮೌನವಾಗಿತ್ತು. ಆಮೇಲೆ ಏನೋ ಬದಲಾಯಿತು. ಬೇವಿನ ಮರದಲ್ಲಿ ಗಾಳಿ ಆಡುವುದು ಕೇಳಿಸಿತು. ಕಾಲುವೆಯ ನೀರು ಹರಿಯುವ ಸದ್ದು ಇಷ್ಟು ದೂರ ಬರುತ್ತದೆಂದು ಅಲ್ಲಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ. ಭರಮಮ್ಮನ ಬಾಯಿಂದ ಸೆರಗು ತಾನಾಗಿ ಜಾರಿತು. ಆಕೆ ಅಳಲಿಲ್ಲ, ಕಣ್ಣೀರು ಮಾತ್ರ ಇಳಿಯಿತು. ವಿರುಪಾಕ್ಷಪ್ಪ ಕಣ್ಣು ಮುಚ್ಚಿದ. ಎಷ್ಟೋ ವರ್ಷ ಗರ್ಭಗುಡಿಯ ಮುಂದೆ ನಿಂತು ನೂಕಿಸಿಕೊಂಡು, ಹೊರಗೆ ಬಿಟ್ಟ ಚಪ್ಪಲಿಯ ಚಿಂತೆಯಲ್ಲೇ ಹುಡುಕಿದ್ದು ಈಗ ಯಾವ ನೂಕುನುಗ್ಗಲೂ ಇಲ್ಲದೆ ಬಂದು ಪಕ್ಕದಲ್ಲಿ ಕೂತಂತಾಯಿತು. ಅಕ್ಕ ದಿನಾ ಬೆಳಿಗ್ಗೆ ಎಲ್ಲಿಗೆ ಹೋಗಿ ಬರುತ್ತಿದ್ದಳೆಂದು ಅವನಿಗೆ ತಿಳಿಯಿತು. ಇದನ್ನು ಅವಳಿಗೆ ಹೇಳಬೇಕೆನಿಸಿತು. ಹೇಳಲು ಅವಳಿಲ್ಲ ಎಂಬುದು ಈಗ ಪೂರ್ತಿಯಾಗಿ ಎದೆಗೆ ತಾಕಿತು.

"ಅಕ್ಕಾ!" ಎಂದುಬಿಟ್ಟ.

ಅಷ್ಟೂ ತಲೆಗಳು ಅವನ ಕಡೆ ತಿರುಗಿದವು. ಯಾರೂ ತುಟಿ ಬಿಚ್ಚಲಿಲ್ಲ. ಹಂಪಯ್ಯಸ್ವಾಮಿಗಳು ಎದ್ದು ಬಂದು ಚಹಾದಲ್ಲಿ ಬೆರಳದ್ದಿ ನೋಡಿ, "ಆರೇತಿ" ಎಂದು ಘೋಷಿಸಿದರು. ಅಷ್ಟೇ ಸಾಕಾಯಿತು. ಕಟ್ಟೆ ಒಡೆದಂತೆ ಎಲ್ಲರೂ ಒಟ್ಟಿಗೇ ಕೂಗಿದರು: "ವಿರುಪಾಕ್ಷಪ್ಪ ಮಾತಾಡ್ದ!"

"ಅಯ್ಯೋ, ತನ್ನ ಮನತನದ ಪದ್ಧತಿ ತಾನ ಮುರಕಂಡ್ನಲ್ರೀ!" ಎಂದು ಭರಮಮ್ಮ ಎದೆ ಬಡಿದುಕೊಂಡಳು.

ವಿರುಪಾಕ್ಷಪ್ಪ ಕೈ ಎತ್ತಿದ. "ದೋಷ ಗೀಷ ಏನೂ ಇಲ್ರಿ! ಅದು ಸುಳ್ಳು. ನಿಮ್ಮನ್ನ ಸುಮ್ನ ಕುಂದ್ರಿಸಾಕ ನಾನ ಹುಟ್ಟಿಸಿದ್ದು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೋಡ್ರಿ, ಬಡೀತು ಆಗಲೇ" ಎಂದಳು ಭರಮಮ್ಮ ಮರುಕದಿಂದ. "ಪಾಪ, ಏನೇನೋ ಮಾತಾಡಾಕ ಹತ್ಯಾನ."

"ಅಜ್ಜಾರ, ನೀವಾದ್ರೂ ಹೇಳ್ರಿ!"

ತಂದೆಯಿಂದ ಕೇಳಿದ್ದೇನೆಂದು ಹೇಳಿಬಿಟ್ಟಿದ್ದ ಸ್ವಾಮಿಗಳಿಗೆ ಈಗ ಹಿಂದೆ ಸರಿಯಲು ದಾರಿ ಇರಲಿಲ್ಲ. "ಪರಿಹಾರ ಐತಿ, ಹೆದರಬ್ಯಾಡ" ಎಂದರು. "ಇವತ್ತು ಹೊತ್ತು ಮುಳುಗೋದ್ರೊಳಗ ನಿಮ್ಮನಿಯಾಗ ಪೂರ್ತಿ ಶಾಸ್ತ್ರ ಆಗಬೇಕು. ಪಾದಪೂಜಿ, ರುದ್ರ, ಭಜನಿ. ಒಂದೂ ಬಿಡಂಗಿಲ್ಲ."

ವಿರುಪಾಕ್ಷಪ್ಪ ಹೆಂಡತಿ ಮರುಳಸಿದ್ದಮ್ಮನ ಮುಖ ನೋಡಿದ. ಆಕೆಯಾದರೂ ತನ್ನ ಕಡೆ ನಿಂತಾಳೆಂಬ ಆಸೆ.

"ದೋಷದ ಗಿರಣಿಗೆ ಯಾರು ಕಾಳು ತರ್ತಾರ್ರೀ?" ಎಂದಳು ಆಕೆ. "ಸುಮ್ನ ಮನಿಗೆ ನಡೀರಿ. ಹೇಳಿದಷ್ಟು ಮಾಡ್ರಿ."

ಮಣ್ಣು ಮುಗಿಸಿ ಬಂದ ಮೇಲೆ ಸಂಜೆಗೆ ಆ ಮನೆಯಲ್ಲಿ, ನೀಲಗಂಗಮ್ಮ ಬೇಡವೆಂದದ್ದೆಲ್ಲ ನಡೆಯಿತು. ಬೇಡವೆನ್ನಲು ಆಕೆಗೆ ಹೊಳೆಯದೆ ಇದ್ದವೂ ಒಂದೆರಡು ನಡೆದವು. ಹೊನ್ನೂರುಸ್ವಾಮಿಯ ಮೈಕಿಗೆ ಗೋಡೆಯ ಫೋಟೋಗಳು ನಡುಗಿದವು. ಭರಮಮ್ಮ ರುದ್ರ ಹೇಳುವವರನ್ನು ಮೀರಿಸಿ ಹಾಡಿಕೊಂಡು ಅತ್ತಳು. ಯಾರದೂ ತೋರಿಕೆಯ ದುಃಖವಾಗಿರಲಿಲ್ಲ. ತಾಳ ಹಾಕುತ್ತಲೇ ಹೊನ್ನೂರುಸ್ವಾಮಿ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಆಕೆ ಹೋದದ್ದು ಅವರಿಗೆ ತಡೆಯಲಾಗಿರಲಿಲ್ಲ, ಸುಮ್ಮನಿರಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ.

ನಡುವೆ ಒದ್ದೆ ಪಂಚೆಯಲ್ಲಿ, ಮೈತುಂಬ ನಿಜವಾದ ವಿಭೂತಿ ಬಳಿಸಿಕೊಂಡು ವಿರುಪಾಕ್ಷಪ್ಪ ಕೂತಿದ್ದ. ಅವನು ಏನು ಹೇಳಿದರೂ ಆ ಗದ್ದಲದಲ್ಲಿ ಪಕ್ಕದವರಿಗೆ ಕೇಳುವಂತಿರಲಿಲ್ಲ. ಅದೇ ಅನುಕೂಲವೆಂದು ಕಣ್ಣು ಮುಚ್ಚಿ, ತುಟಿಯೊಳಗೇ ಬೇಡಿಕೊಂಡ:

"ಶಿವನೇ, ನಮ್ಮಕ್ಕ ನಿನ್ನ ಬಾಗಲಿಗೆ ಬರಲಿಲ್ಲ ಅಂತ ಸಿಟ್ಟು ಮಾಡಬ್ಯಾಡ. ನಿನ್ನ ಬಿಟ್ಟಂತೂ ಅಕಿ ಇರಲಿಲ್ಲ. ಇಲ್ಲಿ ನಾವು ಮಾಡಿದ್ದನ್ನ ಹೊಟ್ಟಿಗೆ ಹಾಕ್ಕೊ. ಅಕಿನ್ನ ನಿನ್ನ ಮಗ್ಗಲದಾಗ ಕುಂದ್ರಿಸ್ಕೊ. ನೀನೂ ಭಾಳ ಮಾತಾಡಿಸಬ್ಯಾಡಪ್ಪ. ಅಕಿ ಜೀವಕ್ಕ ಶಾಂತಿ ಕೊಡು."