ಜೀನ್ ಓದುವವಳ ಪಾಡು

ಇಪ್ಪತ್ತೆರಡು ವರ್ಷದಿಂದ ಚೆನ್ನೈಯಲ್ಲಿ ಕ್ಯಾನ್ಸರ್ ಗಡ್ಡೆಗಳ ಜೀನ್ ಓದುತ್ತಿದ್ದೇನೆ. ಗಡ್ಡೆಗಳಿಂದ ಅಷ್ಟೇನೂ ಸುಸ್ತಾಗಿಲ್ಲ. ಸುಸ್ತಾಗುವುದು ಜನಕ್ಕೆ ವಿವರಿಸುವಾಗ. ವಾರಕ್ಕೊಂದಾದರೂ ಇಂಥದ್ದು ಆಗೇ ಆಗುತ್ತದೆ.

ಮಾವನ ಹೋಟೆಲು

ವೆಸ್ಟ್ ಮಾಂಬಲಂನಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಒಂದು ಭಾನುವಾರ ಕೇಳಿದರು, "ಅಲ್ಲ ಮಾರಾಯ್ತಿ, ನೀನು ಮಾಡುವ ಕೆಲಸವಾದರೂ ಎಂತದು?"

ಒಬ್ಬೊಬ್ಬರ ಗಡ್ಡೆಯ ಗುಣ ಒಂದೊಂದು, ಯಾರಿಗೆ ಯಾವ ಔಷಧಿ ಹಿಡಿಸುತ್ತದೆ ಅಂತ ಹುಡುಕುತ್ತೇವೆ ಅಂದೆ.

ಮಾವ ಕಾವಲಿಯ ಕಡೆ ಕೈ ತೋರಿಸಿದರು. "ಇಲ್ಲಿಯೂ ಅದೇ. ಒಬ್ಬರಿಗೆ ಎಣ್ಣೆ ಬೇಡ, ಒಬ್ಬರಿಗೆ ನೀರುಳ್ಳಿ ಆಗುವುದಿಲ್ಲ. ಹತ್ತು ನಿಮಿಷದಲ್ಲಿ ದೋಸೆ ಕೊಡ್ತೇವೆ. ನಿಮಗೆಷ್ಟು ಹೊತ್ತು ಬೇಕು?"

"ಆರು ವಾರ."

"ಅಷ್ಟರಲ್ಲಿ ಗಿರಾಕಿ ಎದ್ದು ಹೋಗುವುದಿಲ್ಲವಾ?"

"ಕೆಲವರು ಹೋಗುತ್ತಾರೆ, ಮಾವ" ಅಂತ ನಾನು ಅನ್ನಲಿಲ್ಲ. ಕಾಫಿ ಕುಡಿದು ಬಂದೆ.

ಪೆಟ್ಟಿಗೆ

ಒಮ್ಮೆ ಕ್ರೋಂಪೇಟೆಯಲ್ಲಿ ನಮ್ಮ ವ್ಯಾನ್ ಕೆಟ್ಟಿತು. ಗಡ್ಡೆಯ ತುಂಡುಗಳಿದ್ದ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್ ಟ್ರೈನಿನಲ್ಲಿ ಕೂತೆ. ಪಕ್ಕದ ಹೆಂಗಸು ತಮಿಳಿನಲ್ಲಿ, "ಯಾವ ಮೀನು?" ಅಂದಳು.

ಮೀನಲ್ಲ ಅಂದೆ.

"ಹೇಳೋಕೆ ಮನಸ್ಸಿಲ್ಲದಿದ್ದರೆ ಬಿಡು. ತೆಳ್ಳಗೆ ಹೆಚ್ಚು, ಆಮೇಲೆ ಮಸಾಲೆ ಹಚ್ಚು."

ವಿವರಿಸುವ ಶಕ್ತಿ ಇರಲಿಲ್ಲ, ಆಗಲಿ ಅಂದೆ. ಮೊದಲರ್ಧವನ್ನು ಲ್ಯಾಬಿನಲ್ಲಿ ನಾವು ದಿನಾ ಮಾಡುತ್ತೇವೆ.

ಅಣ್ಣ ತಮ್ಮ

ಹೋದ ವರ್ಷ ರೈಲ್ವೆಯಿಂದ ನಿವೃತ್ತರಾದ ಕನ್ನಡದವರೊಬ್ಬರು ಬಂದಿದ್ದರು. ಕರುಳಿನ ಕ್ಯಾನ್ಸರ್. ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತಾ ಅಂದೆ.

"ಯಾರಿಗೂ ಇಲ್ಲ."

ಹೆಂಡತಿ ಮೆಲ್ಲಗೆ, "ನಿಮ್ಮ ಅಣ್ಣನಿಗೂ ಕರುಳಿನ ಆಪರೇಷನ್ ಆಯ್ತಲ್ಲ?" ಅಂದರು.

"ಅವನು ನಮ್ಮ ಮನೆತನವಲ್ಲ. ಅಪ್ಪನ ಜಾಗಕ್ಕೆ ಹದಿನೈದು ವರ್ಷದಿಂದ ಕೋರ್ಟಿನಲ್ಲಿದ್ದೇವೆ."

ಕೋರ್ಟಿಗೆ ಹೋದರೆ ಜೀನ್ ಬೇರೆಯಾಗುವುದಿಲ್ಲ ಅಂತ ಬಿಡಿಸಿ ಹೇಳಿದೆ. ಅಣ್ಣನ ರಕ್ತವನ್ನೂ ನೋಡಿದರೆ ನಿಮ್ಮ ಮಗಳಿಗೆ ಅಪಾಯ ಇದೆಯಾ ಅಂತ ತಿಳಿಯುವುದು ಸುಲಭ ಅಂದೆ. ಮಗಳು ಅಂದದ್ದೇ ಅವರ ಮುಖ ಇಳಿಯಿತು. ಅಲ್ಲೇ ಅಣ್ಣನಿಗೆ ಫೋನ್ ಹಚ್ಚಿದರು. ಕ್ಷೇಮ ಸಮಾಚಾರ ಏನೂ ಇಲ್ಲ.

"ನಿನ್ನ ರಕ್ತ ಬೇಕಂತೆ."

ಆ ಕಡೆಯ ದನಿ ನನಗೂ ಕೇಳಿಸಿತು. "ಹದಿನೈದು ವರ್ಷ ಹೀರಿದ್ದು ಸಾಲಲಿಲ್ಲವಾ?"

ಆದರೆ ಮರುದಿನ ನಾನು ಬರುವ ಮೊದಲೇ ಅಣ್ಣ ಅಂಗಿಯ ತೋಳು ಮಡಚಿಕೊಂಡು ಕೂತಿದ್ದರು. ಮಗಳೂ ರಕ್ತ ಕೊಟ್ಟಳು.

ವರದಿ ಬಂದ ದಿನ ಅಣ್ಣ ತಮ್ಮ ಇಬ್ಬರೂ ಒಂದೇ ಬೆಂಚಿನಲ್ಲಿ, ನಡುವೆ ತಮ್ಮನ ಹೆಂಡತಿ. ಮಗಳಿಗೆ ಜೀನಿನ ದೋಷ ಬಂದಿಲ್ಲ ಅಂದಾಗ ರೈಲ್ವೆಯವರು ಕಣ್ಣೊರೆಸಿಕೊಂಡರು. ನಿಮ್ಮಿಬ್ಬರಲ್ಲೂ ಇರುವುದು ಒಂದೇ ದೋಷ, ಅಣ್ಣ ಬರೆಸಿದ ಮನೆತನದ ವಿವರ ನೋಡಿದರೆ ತಂದೆಯ ಕಡೆಯಿಂದ ಬಂದಂತಿದೆ ಅಂದೆ.

ಅಣ್ಣ ತಮ್ಮನ ಕಡೆ ತಿರುಗಿ ಹೇಳಿದರು, "ನೋಡು, ಅಪ್ಪ ಇದೊಂದನ್ನು ಮಾತ್ರ ಸಮನಾಗಿ ಪಾಲು ಮಾಡಿದ್ದಾನೆ."