ಆರು ಲಕ್ಷಕ್ಕೆ ಕೊಂಡ ಶೆಡ್ಡು

ತೆರಿಗೆ ಎಂದರೆ ನಡುಗುವವರನ್ನು ಕಂಡು ನಾನು ನಗುತ್ತಿದ್ದವನು. ಕಳ್ಳಲೆಕ್ಕ ಇಟ್ಟವನಿಗೆ ತಾನೇ ಹೆದರಿಕೆ, ಪ್ರತಿಯೊಂದಕ್ಕೂ ರಸೀದಿ ಇಟ್ಟ ನನಗೇನು ಎಂಬ ಜಂಬ. ಆ ಜಂಬ ಇಳಿದದ್ದು ವಡೋದರಾದ ಮಕರಪುರದಲ್ಲಿದ್ದ ನಮ್ಮ ಪುಟ್ಟ ಕಂಪನಿಯನ್ನು ಮುಚ್ಚಲು ಹೊರಟಾಗ. ಸರ್ಕಾರಿ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದು, ವಿದ್ಯುತ್ ಮೀಟರು ಕೂರಿಸುವ ತಗಡಿನ ಪೆಟ್ಟಿಗೆಗಳನ್ನು ಮಾಡಲು ಅಲ್ಲೊಂದು ಶೆಡ್ಡು ಕೊಂಡಿದ್ದೆ. ಕಂಪನಿ ಎಂದ ಮೇಲೆ ಇಬ್ಬರು ಡೈರೆಕ್ಟರುಗಳು ಬೇಕಲ್ಲ, ಹೆಂಡತಿ ಪದ್ಮಾಳನ್ನೂ ಡೈರೆಕ್ಟರ್ ಮಾಡಿದೆ. ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡುವುದು, ಆಯುಧಪೂಜೆಗೆ ಯಂತ್ರಗಳಿಗೆ ಕುಂಕುಮ ಇಡುವುದು ಅವಳ ಕೆಲಸ. ಇಪ್ಪತ್ತು ವರ್ಷ ಒಂದು ಕಾಗದವನ್ನೂ ಅವಳು ಓದಲಿಲ್ಲ. ನಾನು ಓದಗೊಡಲಿಲ್ಲ ಎಂದರೂ ಸರಿಯೇ.

ಏಕೆಂದರೆ, ನಿಮ್ಮಲ್ಲೇ ಇರಲಿ, ಆ ಶೆಡ್ಡನ್ನು ನಾನು ಕೊಂಡದ್ದು ಒಂಬತ್ತು ಲಕ್ಷಕ್ಕೆ. ಮನೆಯಲ್ಲಿ ಹೇಳಿದ್ದು ಆರು. ಮಾರುವವನು ಒಂಬತ್ತು ಎಂದ. ಈ ಊರಿನಲ್ಲಿ ಮೊದಲು ಹೇಳಿದ ಬೆಲೆಗೆ ಯಾರೂ ಏನನ್ನೂ ಕೊಳ್ಳುವುದಿಲ್ಲ. ಅವನೂ ಆರಕ್ಕೋ ಏಳಕ್ಕೋ ಇಳಿಯುವ ಸಿದ್ಧತೆಯಲ್ಲೇ ಚಹಾ ತರಿಸಿದ್ದ. ಕಡಿಮೆ ಕೇಳಲು ನನಗೆ ನಾಚಿಕೆಯಾಗಿ "ಆಗಲಿ" ಎಂದುಬಿಟ್ಟೆ. ಪಾಪ, ಅವನಿಗೆ ಚಹಾ ನೆತ್ತಿಗೇರಿತು. ಮಿಕ್ಕ ಮೂರು ಲಕ್ಷವನ್ನು ಪಿ.ಎಫ್. ಹಣದಿಂದ ಗುಟ್ಟಾಗಿ ತುಂಬಿದೆ. ಪದ್ಮಾ ಮಾತ್ರ ಕನ್ನಡ ಸಂಘದಲ್ಲಿ ಸಿಕ್ಕವರಿಗೆಲ್ಲ, "ಗುಜರಾತಿ ವ್ಯಾಪಾರಿ ಹತ್ರಾನೇ ಮೂರು ಲಕ್ಷ ಇಳಿಸಿದ್ರು ನಮ್ಮನೆಯವರು" ಎಂದು ಹೇಳಿಕೊಂಡು ಬಂದಳು.

ಶೆಡ್ಡು ಮಾರಿದ್ದಾಯಿತು. ನಮ್ಮ ಸಿ.ಎ. ಹಿತೇಶಭಾಯಿ ವಿವರಿಸಿದರು. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿಯುವ ಲಾಭಕ್ಕೆ ತೆರಿಗೆ. ಕಂಪನಿ ಮುಚ್ಚುತ್ತಿರುವುದರಿಂದ ಆ ಲೆಕ್ಕವನ್ನು ಇಬ್ಬರೂ ಡೈರೆಕ್ಟರುಗಳು ತಮ್ಮೆದುರು ಓದಿ ಸಹಿ ಹಾಕಬೇಕು. 'ಓದಿ' ಎಂದದ್ದೇ ತಡ, ಆ ಒಂಬತ್ತು ಪದ್ಮಾಳ ಕಣ್ಣಿಗೆ ಬೀಳುತ್ತದೆಂದು ಹೊಳೆಯಿತು. ಮರುದಿನ ಒಬ್ಬನೇ ಹೋಗಿ, ಕೊಂಡ ಬೆಲೆ ಆರು ಎಂದು ಬರೆಯಲಾದೀತೇ ಎಂದು ಕೇಳಿದೆ.

"ಕಾಕಾ, ತೆರಿಗೆ ಜಾಸ್ತಿ ಆಗತ್ತೆ!" ಎಂದರು ಹಿಂದಿಯಲ್ಲಿ.

"ಆಗಲಿ ಬಿಡಿ, ಕಟ್ತೀನಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ತೆರಿಗೆ ಇಳಿಸಿ ಅಂತ ಅಳೋರನ್ನ ದಿನಾ ನೋಡ್ತೀನಿ. ಏರಿಸಿ ಅಂದೋರು ನೀವೇ ಮೊದಲು. ಕ್ರಯಪತ್ರದಲ್ಲಿ ಒಂಬತ್ತು ಇದೆ. ಆರು ಬರೆದರೆ ನನ್ನ ಕೆಲಸ ಹೋಗತ್ತೆ."

ಆ ವಾರವೆಲ್ಲ ಊಟ ಸೇರಲಿಲ್ಲ. ಆದಾಯ ತೆರಿಗೆಯವರ ದಾಳಿಯಾಗಿ ಕಾಗದವನ್ನೆಲ್ಲ ಅವರೇ ಹೊತ್ತೊಯ್ಯಲಿ ಎಂದು ಹರಕೆ ಹೊತ್ತವನು ಇಡೀ ಗುಜರಾತಿನಲ್ಲಿ ನಾನೊಬ್ಬನೇ ಇರಬೇಕು.

ಸಹಿಯ ದಿನ ಹಿತೇಶಭಾಯಿ ಗಟ್ಟಿಯಾಗಿ ಓದಿದರು: "ಖರೀದಿ, ನೌ ಲಾಖ್."

"ನೌ? ಒಂಬತ್ತಾ?" ಎಂದಳು ಪದ್ಮಾ. ನಾನು ಫ್ಯಾನು ನೋಡಿದೆ. ಅವಳು ಕಾಗದ ಎಳೆದುಕೊಂಡು ಮೊದಲ ಸಲ ಪೂರ್ತಿ ಓದಿದಳು, ಸಹಿ ಮಾಡಿದಳು, ರಿಕ್ಷಾದಲ್ಲಿ ಮನೆ ಸೇರುವ ತನಕ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಭಾನುವಾರ ಸಂಘದಲ್ಲಿ, ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಹಳೆಯ ಕಾರು ಕೊಳ್ಳಬೇಕು, ಆದರೆ ತಮಗೆ ಚೌಕಾಸಿ ಬಾರದು ಎಂದರು.

"ನಮ್ಮನೆಯವರನ್ನ ಕರ್ಕೊಂಡ್ಹೋಗಿ. ಚೌಕಾಸೀಲಿ ಎತ್ತಿದ ಕೈ" ಎಂದಳು ಪದ್ಮಾ, ನನ್ನನ್ನೇ ನೋಡುತ್ತ.

ಮಾನ ಉಳಿಸಿದಳೆಂದು ನನ್ನ ಕಣ್ಣು ತುಂಬಿ ಬಂತು. ಮರುಕ್ಷಣವೇ ಬೆವತೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ, ಅವರು ಬ್ಯಾಂಕಿಗೆ ಹೊರಡುವ ಮುನ್ನ, ಜೊತೆಯಲ್ಲಿ ಕಾರು ನೋಡಲು ಹೋಗಬೇಕು. ಅದರ ಮಾಲೀಕ ಹೇಳಿದ ಬೆಲೆಗೆ ನಾನು ತಲೆಯಾಡಿಸುವುದಂತೂ ಖಂಡಿತ. ಮಿಕ್ಕದ್ದನ್ನು ಗುಟ್ಟಾಗಿ ತುಂಬೋಣವೆಂದರೆ ಈ ಸಲ ಪಿ.ಎಫ್. ಕೂಡ ಇಲ್ಲ.